ಬಾವಿ ಮೂಲೆಯ ಗದ್ದಿಗೆ

“ಮೆಟ್ಟು ಅಲ್ಲೇ ಬುಟ್ಟು ಬನ್ನಿ. ನಮ್ಮಪ್ಪ ಇಲ್ಲಿ ಕೂತವ್ರೆ,” ಎಂದ ಜಡೇಸ್ವಾಮಿ.

ಕೋರ್ಟು ಕಳಿಸಿದ್ದ ಕಮಿಷನರ್ ನಟರಾಜ ಬಾವಿಯ ಸುತ್ತ ಕಣ್ಣಾಡಿಸಿದ. ಅವನು ಬೆಟ್ಟದ ಕೆಳಗಿನ ಗೋಬಿ ಊರಿನ ವಕೀಲ, ತಾಳವಾಡಿ ಬೆಟ್ಟ ಹತ್ತಿದ್ದು ಇದೇ ಮೊದಲು. ಕೂತ ಮುದುಕರು ಯಾರೂ ಅವನ ಕಣ್ಣಿಗೆ ಬೀಳಲಿಲ್ಲ. ಬಾವಿಯ ಮೂಲೆಯಲ್ಲಿ ಮೊಣಕಾಲೆತ್ತರದ ಒಂದು ಕಲ್ಲುಕಟ್ಟೆ ಇತ್ತು. ಅದರ ಮೇಲೆ ಅಂಗೈಯಷ್ಟು ಲಿಂಗ, ಎದುರಿಗೆ ಮೂಗು ಸವೆದ ಪುಟ್ಟ ಬಸವ.

“ಎಲ್ಲಿ ಸಾರ್, ನಿಮ್ಮಪ್ಪ?”

“ಒಳಗೆ,” ಎಂದಳು ಪದ್ಮಶ್ರೀ, ಚಪ್ಪಲಿ ಬಿಡುತ್ತಾ. “ನಮ್ಮಲ್ಲಿ ಸತ್ತವರನ್ನ ಮಲಗಿಸೋದಿಲ್ಲ ಸರ್. ಅಂಗೈಯಲ್ಲಿ ಲಿಂಗ ಕೊಟ್ಟು ಕೂರಿಸ್ತೀವಿ. ಮೇಲೆ ಗದ್ದಿಗೆ ಕಟ್ತೀವಿ.”

ನಟರಾಜ ಮೆಲ್ಲಗೆ ಹಿಂದೆ ಸರಿದು ನಿಂತ.

ಪದ್ಮಶ್ರೀ ಗೆಟ್ಟವಾಡಿಯ ಮಗಳು, ಸತ್ಯಮಂಗಲದಲ್ಲಿ ವಕೀಲಿ ಮಾಡುವವಳು. ಅವಳ ಕಕ್ಷಿಗಾರ್ತಿ ವಿಶಾಲಾಕ್ಷಮ್ಮ, ಜಡೇಸ್ವಾಮಿಯ ಅತ್ತಿಗೆ. ತೀರಿಕೊಂಡ ಅಣ್ಣನ ಹೆಂಡತಿ. ಲೋಕ ಅದಾಲತ್ತಿನಲ್ಲಿ ಇಬ್ಬರೂ ರಾಜಿಯಾಗಿದ್ದರು. ಆಕೆ ಊರೊಳಗಿನ ಮನೆಯ ಪಾಲು ಬಿಟ್ಟುಕೊಡಬೇಕು, ಅದನ್ನೇ ಬೆಲೆಯೆಂದು ಹಿಡಿದು ಅವನು ತಿಗನಾರೆಯ ಈ ಎರಡೆಕರೆಯನ್ನು ಬಾವಿ ಸಮೇತ ಆಕೆಯ ಹೆಸರಿಗೆ ಕ್ರಯಪತ್ರ ಬರೆದುಕೊಡಬೇಕು. ಆಕೆ ಆ ಸಂಜೆಯೇ ಮನೆ ಬಿಟ್ಟಳು. ಅವನು ಪತ್ರ ಬರೆಯಲಿಲ್ಲ.

ಅದಾಲತ್ತಿನ ರಾಜಿಗೂ ಡಿಕ್ರಿಯಷ್ಟೇ ಬಲ. ಅದನ್ನು ಜಾರಿ ಮಾಡಿಸಿಕೊಡಿ ಎಂದು ಪದ್ಮಶ್ರೀ ಅರ್ಜಿ ಹಾಕಿ, ಕ್ರಯಪತ್ರದ ಕರಡನ್ನೂ ಕೋರ್ಟಿಗೆ ಕೊಟ್ಟಳು. ಕೋರ್ಟು ಆ ಕರಡನ್ನು ಜಡೇಸ್ವಾಮಿಗೆ ಕಳಿಸಿ, ತಕರಾರಿದ್ದರೆ ಹೇಳು ಎಂದಿತು. ಇಲ್ಲದಿದ್ದರೆ ಅವನು ರುಜು ಹಾಕಬೇಕು. ಹಾಕದೆ ಹಟ ಹಿಡಿದು ಕೂತರೆ, ಅವನ ಪರವಾಗಿ ಕೋರ್ಟಿನ ಅಧಿಕಾರಿಯೇ ರುಜು ಹಾಕಿ, ಪತ್ರವನ್ನು ನೋಂದಣಿ ಮಾಡಿಸಿಕೊಡುತ್ತಾರೆ. ಇನ್ನೇನು ಬಾವಿ ಕೈಗೆ ಬಂತು ಅನ್ನುವಾಗ ಅವನ ತಕರಾರು ಬಂತು. ಬಾವಿ ಮೂಲೆಯಲ್ಲಿ ನಮ್ಮ ತಂದೆ ಶಿವಮಲ್ಲಪ್ಪನವರ ಗದ್ದಿಗೆ ಇದೆ, ಹೆತ್ತವರ ಗದ್ದಿಗೆಯನ್ನು ಕ್ರಯಕ್ಕೆ ಕೊಟ್ಟವರಿಲ್ಲ, ಬಾವಿ ಸಮೇತ ಆ ಮೂಲೆ ಬಿಟ್ಟು ಬರೆಯಲು ಅಪ್ಪಣೆಯಾಗಲಿ.

ರಾಜಿಯ ಮಾತನ್ನು ದಾಟಿ ಜಾರಿ ಮಾಡಲು ಬರುವುದಿಲ್ಲ. ಆದರೂ ಮಣ್ಣಾದ ಹಿರಿಯರ ಮಾತು ಬಂತಲ್ಲ. ಸ್ಥಳ ನೋಡಿ ವರದಿ ಕೊಡಿ ಎಂದು ನ್ಯಾಯಾಧೀಶರು ನಟರಾಜನನ್ನು ಕಳಿಸಿದ್ದರು.

ಬಾವಿ ಹೋದರೆ ಉಳಿಯುವುದು ಒಣ ನೆಲ. ಆಮೇಲೆ ವಿಶಾಲಾಕ್ಷಮ್ಮನಿಗೆ ಮನೆಯೂ ಇಲ್ಲ, ನೀರೂ ಇಲ್ಲ.

ಆಕೆ ಹೊಂಗೆ ಮರದ ಬುಡದಲ್ಲಿ ಸೆರಗು ಹೊದ್ದು ನಿಂತಿದ್ದಳು. ಪುಷ್ಯದ ಗಾಳಿ ಹಾಸನೂರು ಕಡೆಯ ಕಾಡಿನಿಂದ ತಣ್ಣಗೆ ಬೀಸುತ್ತಿತ್ತು.

“ನಮ್ಮಾವ ಇಲ್ಲಿಲ್ಲ,” ಎಂದಳು ಆಕೆ. “ಊರ್ ರುದ್ರಭೂಮೀಲಿ ಕೂರ್ಸಿದ್ದು. ಬಿಲ್ಪತ್ರೆ ಬುಟ್ಟಿ ಒತ್ಕೊಂಡು ಓಗಿದ್ದೇ ನಾನು.”

“ಎಲ್ಲಿ, ತೋರ್ಸಿ ಅತ್ಗೆ,” ಎಂದ ಜಡೇಸ್ವಾಮಿ. “ಕಮಿಷನರ್ ಬಂದವ್ರೆ. ಕರ್ಕೊಂಡೋಗಿ ತೋರ್ಸಿ.”

“ರಸ್ತೆ ಅಗಲ ಮಾಡ್ದಾಗ ಆ ಅಂಚೇ ಓಯ್ತಲ್ಲಪ್ಪ. ನಿಂಗೆ ಗೊತ್ತಿಲ್ವಾ?”

“ಅದೇಯ. ಇಲ್ದೇ ಇರದ್ನ ತೋರ್ಸೋದು ಎಂಗೆ?”

ನಟರಾಜ ಪದ್ಮಶ್ರೀಯ ಮುಖ ನೋಡಿದ. ಪದ್ಮಶ್ರೀ ಕಟ್ಟೆಯ ಮುಖ ನೋಡಿದಳು. ಬೆಳಿಗ್ಗೆ ಊರಲ್ಲಿ ವಿಚಾರಿಸಿದ್ದು ಅವಳ ತಲೆಯೊಳಗೆ ಸಿಕ್ಕು ಬಿದ್ದ ನೂಲಿನಂತೆ ಕೂತಿತ್ತು. ಅಂಗಡಿ ಜಗುಲಿಯಲ್ಲಿ ಕೇಳಿದರೆ ರುದ್ರಭೂಮಿ ಅಂದರು. ಮಠದ ಬಾಗಿಲಲ್ಲಿ ಕೇಳಿದರೆ ಹೊಲ ಅಂದರು. ಒಬ್ಬ ಅಜ್ಜ ಮಾತ್ರ, ಶಿವಮಲ್ಲಪ್ಪ ಸತ್ತಿದ್ದು ಯಾವಾಗ, ಮೊನ್ನೆ ಸಂತೇಲಿ ನೋಡ್ದೆನಲ್ಲ ಎಂದು ಅವಳನ್ನೇ ತಿರುಗಿ ಕೇಳಿದ್ದ. ಮೂವರೂ ಹಣೆಗೆ ವಿಭೂತಿ ಇಟ್ಟವರೇ. ಯಾರನ್ನು ನಂಬುವುದು?

ಒಂದಂತೂ ಅವಳಿಗೆ ಗೊತ್ತಿತ್ತು. ಮುಂಗಾರಿನಲ್ಲಿ ತಾನೇ ಬಂದು ಹೊಲ ನೋಡಿದಾಗ ಈ ಕಟ್ಟೆ ಇರಲಿಲ್ಲ. ವಿಶಾಲಾಕ್ಷಮ್ಮ ತವರಿಗೆ ಹೋಗಿ ಬರುವಷ್ಟರಲ್ಲಿ ಎದ್ದಿತ್ತಂತೆ. ಆದರೆ ಅದನ್ನು ಕೋರ್ಟಿನಲ್ಲಿ ಹೇಳಿದ್ದಕ್ಕೆ ಎದುರು ವಕೀಲರು, ನೀವು ನೋಡಿದಾಗ ಮುಳ್ಳು ಬೆಳೆದು ಮುಚ್ಚಿತ್ತು, ಈಗ ಸವರಿದ್ದೇವೆ ಎಂದು ಕೈ ತೊಳೆದುಕೊಂಡಿದ್ದರು.

ಅವಳು ಗದ್ದಿಗೆಗೆ ಕೈಮುಗಿದಳು. ಸುಳ್ಳೋ ನಿಜವೋ, ಲಿಂಗ ಲಿಂಗವೇ. ಆಮೇಲೆ ಕುಕ್ಕರುಗಾಲಲ್ಲಿ ಕೂತು ಕಲ್ಲುಗಳನ್ನು ನೋಡತೊಡಗಿದಳು.

ಕಲ್ಲುಗಳು ಹಳೆಯವು. ಪಾಚಿ ಹಿಡಿದು, ಒಣಗಿ, ಕಪ್ಪಾಗಿದ್ದವು. ಇದೇ ಅವಳ ಮೊದಲ ಸೋಲು. ಹೊಸ ಕಲ್ಲಾಗಿದ್ದರೆ ಕೆಲಸ ಅಲ್ಲಿಗೇ ಮುಗಿಯುತ್ತಿತ್ತು.

ಎದ್ದು ಬಾವಿಯ ಸುತ್ತ ಬಂದಳು. ಪಂಪಿನ ಕೋಣೆಯ ಹಿಂದೆ ಬಾವಿಕಟ್ಟೆಯ ಒಂದು ಭಾಗ ಬೋಡಾಗಿತ್ತು. ಕಲ್ಲು ಕಿತ್ತ ಜಾಗದಲ್ಲಿ ಮಣ್ಣು ಇನ್ನೂ ಕೆಂಪಗಿತ್ತು. ಉಳಿದ ಕಲ್ಲುಗಳ ಮೇಲೆ ಅದೇ ಪಾಚಿ, ಅದೇ ಕಪ್ಪು.

“ಸರ್, ಇದರ ಫೋಟೋ ತಗೊಳ್ಳಿ.”

ನಟರಾಜ ತೆಗೆದ. “ಮೇಡಂ, ಇಲ್ಲಿ ಆನೆ ಬರುತ್ತಾ?”

ಉತ್ತರ ಬೇಲಿಯ ಆಚೆಯಿಂದ ಬಂತು. ಪಕ್ಕದ ಹೊಲದ ದೊಡ್ಡಮಾದಮ್ಮ ಬೇಲಿಗೆ ಒರಗಿ ಆಗಲೇ ನೋಡುತ್ತಿದ್ದಳು.

“ಬತ್ತದೆ ಸಾಮಿ. ನಿಮ್ಮಂಗೆ ಪ್ಯಾಂಟಾಕೊಂಡು ಬರಕಿಲ್ಲ, ಅಷ್ಟೇಯ.”

“ಈಗ ಬರುತ್ತಾ?”

“ಈಗ್ಯಾಕ್ ಬತ್ತದೆ, ಬಿಸ್ಲಲ್ಲಿ? ಕತ್ಲಾಗ್ಲಿ, ಆನೆ, ಅಂದಿ, ಕಡವೆ, ಎಲ್ಲಾ ಅಲ್ಲೇ ಬಂದ್ ಕಟ್ಟೆ ಸುತ್ತ ನಿಂತ್ಕತವೆ. ಜಡೇಸ್ವಾಮಣ್ಣನ ಅಪ್ಪನ್ನ ಮಾತಾಡ್ಸಕ್ಕೆ.” ಅವಳು ಬಾಯಿಗೆ ಸೆರಗು ಒತ್ತಿ ನಕ್ಕಳು. “ಈ ಸಲ ನನ್ನ ರಾಗಿ ಉಳ್ಕೊಂತು ಕಣವ್ವ. ನನ್ನೊಲಕ್ಕೆ ಬಾಯೇ ಆಕ್ನಿಲ್ಲ. ಅಲ್ಲಿ ಮಣ್ಣು ನೆಕ್ಕೊಂಡು ಓಯ್ತವೆ. ನಾನೂ ನಿತ್ಯ ಕೈ ಮುಗೀತಿವ್ನಿ, ಮಾರಾಯ ಎದ್ಬುಟ್ಟು ಎಲ್ಲೂ ಓಗ್ಬ್ಯಾಡ ಅಂತ.”

ಮಣ್ಣು ನೆಕ್ಕಿಕೊಂಡು.

ಪದ್ಮಶ್ರೀ ತಿರುಗಿ ಬಂದು ಕಟ್ಟೆಯ ಬುಡ ನೋಡಿದಳು. ಮೊದಲೇ ಕಂಡಿತ್ತು, ಆದರೆ ಕಣ್ಣು ಕಲ್ಲಿನ ಮೇಲೆ ನೆಟ್ಟಿದ್ದರಿಂದ ಮನಸ್ಸಿಗೆ ಇಳಿದಿರಲಿಲ್ಲ. ಕಟ್ಟೆಯ ಸುತ್ತ ನೆಲ ಬೋಗುಣಿಯಂತೆ ಸವೆದಿತ್ತು. ಗೊರಸಿನ ಗುರುತುಗಳ ಮೇಲೆ ಗುರುತು. ಒಂದು ಕಡೆ ಹಂದಿ ಮೂತಿಯಿಂದ ಉತ್ತಿತ್ತು. ಇನ್ನೊಂದು ಕಡೆ ಮಣ್ಣು ನುಣ್ಣಗೆ, ಯಾರೋ ಅಂಗೈಯಲ್ಲಿ ಸವರಿದ ಹಾಗೆ.

ಅವಳು ಬೆರಳಿಂದ ಒಂದು ಚಿಟಿಕೆ ಮಣ್ಣು ತೆಗೆದು ನಾಲಿಗೆಗೆ ಇಟ್ಟಳು.

“ಮೇಡಂ,” ಎಂದ ನಟರಾಜ. “ಕೆಳಗೆ ಹೆಣ ಇದೆ ಅಂತ ನೀವೇ ಹೇಳಿದ್ದು.”

ಉಪ್ಪು. ಕಲ್ಲುಪ್ಪಿನ ಕಟುವಾದ ಉಪ್ಪು.

ಗೆಟ್ಟವಾಡಿಯಲ್ಲಿ ಅಜ್ಜಿ ಲಿಂಗೈಕ್ಯಳಾದ ದಿನ ಅವಳಿಗೆ ನೆನಪಾಯಿತು. ಅಪ್ಪ ಚಾಮರಾಜನಗರಕ್ಕೆ ಹೋಗಿ ಉಪ್ಪಿನ ಮೂಟೆಗಳನ್ನು ಗಾಡಿಯಲ್ಲಿ ತಂದಿದ್ದ. ಅಜ್ಜಿಯನ್ನು ಕೂರಿಸಿ, ವಿಭೂತಿ ಗಟ್ಟಿಗಳನ್ನಿಟ್ಟು, ಬಿಲ್ವಪತ್ರೆ ಹಾಕಿ, ಸುತ್ತ ಉಪ್ಪು ತುಂಬಿದ್ದರು. ಊರಿಗೆ ಊರೇ ಓಂ ನಮಃ ಶಿವಾಯ ಅನ್ನುತ್ತಿತ್ತು. ಆಮೇಲೆ ತಿಂಗಳುಗಟ್ಟಲೆ ಆ ಜಾಗಕ್ಕೆ ಮುಳ್ಳು ಹೊದಿಸಿ ಕಾಯಬೇಕಾಯಿತು. ಕಾಡಿನ ಅಂಚಿನ ಊರು. ಉಪ್ಪಿನ ವಾಸನೆಗೆ ಕಡವೆ ಬರುತ್ತಿದ್ದವು. ಒಂದೆರಡು ಮಳೆಗಾಲ ಕಳೆದ ಮೇಲೆ ಯಾವ ಪ್ರಾಣಿಯೂ ಅತ್ತ ಸುಳಿಯಲಿಲ್ಲ. ಉಪ್ಪನ್ನು ಮಣ್ಣು ಕುಡಿದಿತ್ತು, ಅಜ್ಜಿಯನ್ನು ಶಿವ ಕರೆದುಕೊಂಡಿದ್ದ.

ಶಿವಮಲ್ಲಪ್ಪ ತೀರಿಕೊಂಡು ಹತ್ತು ವರ್ಷ. ಹತ್ತು ಮಳೆಗಾಲ ಕಂಡ ಉಪ್ಪು ಇಷ್ಟು ಕಟುವಾಗಿ ಉಳಿಯುವುದಿಲ್ಲ.

ಅವಳಿಗೆ ಎಲ್ಲ ತಿಳಿಯಿತು ಅನ್ನಿಸಿತು. ಹಾಗನ್ನಿಸಿದ್ದು ಸ್ವಲ್ಪವೇ ಹೊತ್ತು.

“ಚಿಕ್ಕಪ್ಪ, ಒಂದ್ನಿಮಿಷ ಈ ಕಡೆ ಬನ್ನಿ,” ಎಂದು ಊರ ವಾಡಿಕೆಯಂತೆ ವರಸೆ ಹಿಡಿದು ಕರೆದಳು.

ಪಂಪಿನ ಕೋಣೆಯ ನೆರಳಿಗೆ ಜಡೇಸ್ವಾಮಿ ಬಂದ. ಆಳು ಎತ್ತರ, ನೆತ್ತಿ ಬೋಳು, ಕೊರಳಲ್ಲಿ ಲಿಂಗದ ಕರಡಿಗೆ. ಊರಿನ ಮಠದ ಪೂಜೆಗೆ ತಪ್ಪದೆ ಹೋಗುವ ಮನುಷ್ಯ.

“ಬಾವಿಕಟ್ಟೆ ಕಲ್ಲು ಎಲ್ಲೋದೊ ಚಿಕ್ಕಪ್ಪ?”

“ಆನೆ ಕೆಡವ್ತು.”

“ಆನೆ ಕೆಡವಿದ್ ಕಲ್ಲು ಬಾವಿಗ್ ಬೀಳ್ಬೇಕು, ಇಲ್ಲ ಒಲಕ್ಕ್ ಬೀಳ್ಬೇಕು. ಓಗಿ ಗದ್ದಿಗೆಯಾಗಿ ಸಾಲಾಗಿ ಕೂತ್ಕತವಾ?”

“ಲಾಯರಾದ್ಮೇಲೆ ನಿಂಗೆ ಬಾಯಿ ಬಂತು ಕಣವ್ವ.”

“ಬಾಯಿ ಮೊದ್ಲಿಂದ್ಲೂ ಇತ್ತು. ಕೇಳೋರು ಈಗ ಬಂದವ್ರೆ.” ಅವಳು ದನಿ ತಗ್ಗಿಸಿದಳು. “ಚಿಕ್ಕಪ್ಪ, ನೀವು ಶಿವಪೂಜೆ ಮಾಡೋರು. ಸುಳ್ಳು ಗದ್ದಿಗೆ ಕಟ್ಟುವಾಗ್ಲೂ ನಿಮ್ಮ ಕೈ ಶಾಸ್ತ್ರ ಬಿಡ್ಲಿಲ್ಲ. ಬರೀ ಗುಂಡಿಗೂ ಉಪ್ಪು ತುಂಬುದ್ರಿ. ಅದನ್ನ ಕಡವೆ ಬಂದು ಸಾಕ್ಷಿ ಹೇಳ್ತಿವೆ. ಹತ್ತು ವರ್ಷದ ಉಪ್ಪು ಅಲ್ಲ ಅದು. ಈ ವರ್ಷದ್ದು.”

ಇಷ್ಟು ಹೇಳಿ ಅವಳು ಕಾದಳು. ಕೋಪ ಬರುತ್ತದೆ, ಇಲ್ಲ ಕಾಲಿಗೆ ಬೀಳುತ್ತಾನೆ ಎಂದುಕೊಂಡಿದ್ದಳು. ಎರಡೂ ಆಗಲಿಲ್ಲ. ಜಡೇಸ್ವಾಮಿ ಅವಳು ಬೇರೆ ಯಾವುದೋ ಊರಿನ ಮಾತು ಆಡುತ್ತಿದ್ದಾಳೆ ಅನ್ನುವ ಹಾಗೆ ನೋಡಿದ.

“ಉಪ್ಪಾ? ಯಾವ್ ಉಪ್ಪು?”

“ಗದ್ದಿಗೆಗೆ ಹಾಕಿದ್ದು.”

“ನಾನ್ಯಾಕ್ ಉಪ್ಪಾಕ್ಲಿ?”

ಅವನು ದಾಪುಗಾಲು ಹಾಕಿ ಕಟ್ಟೆಯ ಬಳಿ ಹೋದ. ಬಗ್ಗಿ, ಮಣ್ಣು ತೆಗೆದು ನಾಲಿಗೆಗೆ ಮುಟ್ಟಿಸಿದ. ಉಗಿದ. ಮತ್ತೆ ಇನ್ನೊಂದು ಕಡೆಯ ಮಣ್ಣು ತೆಗೆದ. ಇದು ಬೆಟ್ಟದವರ ಪದ್ಧತಿ ಇರಬೇಕು ಎಂದುಕೊಂಡ ನಟರಾಜ.

ಜಡೇಸ್ವಾಮಿ ನೆಟ್ಟಗೆ ನಿಂತಾಗ ಅವನ ಹಣೆಯ ವಿಭೂತಿ ಬೆವರಿನಲ್ಲಿ ಇಳಿಯುತ್ತಿತ್ತು. ಅವನು ಕರಡಿಗೆ ಬಿಚ್ಚಿ, ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡ.

“ಕಟ್ಟಿದ್ದು ನಾನೇ ಕಣವ್ವ,” ಎಂದ, ಎಲ್ಲರಿಗೂ ಕೇಳುವಂತೆ. “ಬಾವಿ ಓದ್ರೆ ಕೆಳಗ್ಳ ನನ್ನ ಒಲ ಒಣಗ್ತದೆ. ಅದ್ಕೆ ಕಟ್ದೆ. ಅಪ್ಪ ರುದ್ರಭೂಮೀಲೇ ಅವ್ರೆ, ಅತ್ಗೆ ಯೋಳಿದ್ದು ಸರಿ. ಆದ್ರೆ ನಾನು ನೆಲ ಅಗೀನಿಲ್ಲ. ಮೇಲ್ಮೇಲೆ ಕೆರ್ದು, ಬಾವಿ ಕಲ್ಲು ಜೋಡ್ಸಿ, ಮಣ್ಣು ಮೆತ್ತಿ ಬುಟ್ಟೆ. ಉಪ್ಪು ಆಕಿಲ್ಲ. ಉಪ್ಪು ಆಕುದ್ರೆ ಅದು ನಿಜದ ಗದ್ದಿಗೆ ಆಗೋಯ್ತದೆ. ಯಾರೂ ಇಲ್ದೆ ಇರೋ ಕಡೆ ಉಪ್ಪು ಆಕುದ್ರೆ ಮನೇಲಿ ಯಾರಾದ್ರೂ ಓಗಿ ಕೂರ್ಬೇಕಾಯ್ತದೆ ಅಂತ ನಮ್ಮವ್ವ ಯೋಳ್ತಿದ್ಳು. ನಂಗೂ ಮೊಮ್ಮಕ್ಳವೆ.”

ದೊಡ್ಡಮಾದಮ್ಮ ಬೇಲಿ ಬಿಟ್ಟು ನೆಟ್ಟಗಾದಳು.

ಪದ್ಮಶ್ರೀಗೆ ಲಿಂಗ ಹಿಡಿದು ಸುಳ್ಳು ಹೇಳುವ ಜಡೇಸ್ವಾಮಿಯನ್ನು ಊಹಿಸಿಕೊಳ್ಳಲು ಆಗಲಿಲ್ಲ. ಸುಳ್ಳು ಗದ್ದಿಗೆ ಕಟ್ಟುವ ಜಡೇಸ್ವಾಮಿಯನ್ನೂ ಈ ಕೇಸಿನವರೆಗೆ ಊಹಿಸಿಕೊಂಡಿರಲಿಲ್ಲ ಎಂಬುದು ಮರುಕ್ಷಣ ನೆನಪಾಗಿ, ತನ್ನ ತಿಳಿವಳಿಕೆಯ ಮೇಲೇ ಅವಳಿಗೆ ಬೇಸರವಾಯಿತು.

“ಇಲ್ನೋಡಿ,” ಎಂದ ಜಡೇಸ್ವಾಮಿ. “ಈ ಸೀಳಿರೋ ಕಲ್ಲು. ಇದ್ನ ನಾನು ಅಡೀಲಿ ಆಕಿದ್ದೆ, ಸೀಳು ಕಾಣ್ಬಾರ್ದು ಅಂತ. ಈಗ ಮ್ಯಾಲದೆ. ಯಾರು ತಂದು ಮ್ಯಾಲಿಟ್ರು?”

ಯಾರೋ ಅವನ ಕಟ್ಟೆಯನ್ನು ಬಿಚ್ಚಿದ್ದಾರೆ. ಅಡಿಯಲ್ಲಿ ಅಗೆದಿದ್ದಾರೆ. ಉಪ್ಪು ತುಂಬಿದ್ದಾರೆ. ಮತ್ತೆ ಕಲ್ಲು ಜೋಡಿಸಿ, ಲಿಂಗ ಬಸವಗಳನ್ನು ಇದ್ದ ಹಾಗೇ ಇಟ್ಟು ಹೋಗಿದ್ದಾರೆ.

“ಹಾಗಾದ್ರೆ ಒಳಗೆ ಯಾರು?” ನಟರಾಜನ ಪ್ರಶ್ನೆ ಯಾರನ್ನೂ ಕುರಿತು ಬರಲಿಲ್ಲ.

ತಿಗನಾರೆಯಲ್ಲಿ ಈ ವರ್ಷ ಕಾಣೆಯಾದವರು ಯಾರೂ ಇಲ್ಲ. ಅಕ್ಕಪಕ್ಕದ ಊರುಗಳಿಂದಲೂ ಹಾಗೊಂದು ಸುದ್ದಿ ಬಂದಿರಲಿಲ್ಲ. ಸತ್ತವರೆಲ್ಲ ಅವರವರ ಜಾಗದಲ್ಲಿ ಕೂತಿದ್ದಾರೆ, ಇಲ್ಲವೇ ಮಲಗಿದ್ದಾರೆ.

ನಟರಾಜ ಹಾಳೆ, ಪೆನ್ನು ತೆಗೆದ. “ತೋಡಿಸೋ ಅಧಿಕಾರ ನಂಗಿಲ್ಲ. ಕಂಡದ್ದನ್ನ ಬರೀತೀನಿ. ತಹಸೀಲ್ದಾರ್, ಪೊಲೀಸು, ಡಾಕ್ಟರು ಬಂದು ತೆಗೆಸಲಿ ಅಂತ ಕೋರ್ಟನ್ನ ಕೇಳ್ತೀನಿ.”

“ಬರೀರಿ ಸಾರ್,” ಎಂದ ಜಡೇಸ್ವಾಮಿ. “ಬ್ಯಾಗ್ನೆ ಬರೀರಿ. ನಾನು ಕಟ್ಟಿದ್ ಕಟ್ಟೆ ಕೆಳಗೆ ಯಾರೋ ಅವ್ರೆ ಅಂದ್ರೆ ಊರು ನನ್ನ ಕಡೇನೇ ಬೆಟ್ಟು ಮಾಡ್ತದೆ. ತೆಗ್ಸಿ. ನಂಗೂ ನೋಡ್ಬೇಕು.” ಅವನು ಪದ್ಮಶ್ರೀಯ ಕಡೆ ತಿರುಗಿದ. “ತಕರಾರು ವಾಪಸ್ ತಕತೀನಿ ಕಣವ್ವ. ಪತ್ರ ಆಫೀಸ್‌ಗೆ ಯಾವತ್ತು ಬಾ ಅಂತೀಯೋ ಅವತ್ತು ಬತ್ತೀನಿ. ಬಾವಿ ಸಮೇತ ಬರ್ಕೊಡ್ತೀನಿ. ನಿನ್ನ ಕರಡಲ್ಲಿ ಎಂಗದೋ ಅಂಗೇಯ.”

ನಟರಾಜ ಅಲ್ಲೇ ಅವನ ಹೇಳಿಕೆ ಬರೆದುಕೊಂಡ. ಕಟ್ಟೆ ತಾನು ಕಟ್ಟಿದ್ದು, ತಂದೆಯ ಗದ್ದಿಗೆ ಅಲ್ಲ, ಕರಡಿನ ಪ್ರಕಾರ ಕ್ರಯಪತ್ರ ಬರೆದುಕೊಡಲು ಅಡ್ಡಿಯಿಲ್ಲ. ಜಡೇಸ್ವಾಮಿ ಪಂಪಿನ ಕೋಣೆಯ ಗೋಡೆಗೆ ಹಾಳೆ ಒತ್ತಿ ರುಜು ಹಾಕಿದ. ಇಷ್ಟು ತಿಂಗಳು ನೋಟಿಸು, ವಾಯಿದೆ, ತಕರಾರು ಅಂತ ಎಳೆದಾಡಿದ ಗಂಟು ಒಂದು ಚಿಟಿಕೆ ಉಪ್ಪಿಗೆ ಬಿಚ್ಚಿಕೊಂಡಿತ್ತು.

ಗೆದ್ದ ಸಂತೋಷ ಮಾತ್ರ ಪದ್ಮಶ್ರೀಗೆ ಎಲ್ಲಿ ಹುಡುಕಿದರೂ ಸಿಗಲಿಲ್ಲ. ಆದರೂ ಹೇಳಬೇಕಾದವರಿಗೆ ಹೇಳಬೇಕಲ್ಲ. ಅವಳು ಹೊಂಗೆ ಮರದ ಕಡೆ ನಡೆದಳು.

ವಿಶಾಲಾಕ್ಷಮ್ಮ ನಿಂತಲ್ಲೇ ಇದ್ದಳು. ಇಷ್ಟು ಮಾತಾದರೂ ಒಂದು ಹೆಜ್ಜೆ ಈಚೆ ಬಂದಿರಲಿಲ್ಲ.

“ದೊಡ್ಡವ್ವ, ಕೇಳಿಸ್ಕೊಂಡ್ರಾ? ಚಿಕ್ಕಪ್ಪ ಒಪ್ಪಿದ್ರು. ಬಾವಿ ನಿಮ್ದು.”

“ಕೇಳಿಸ್ಕೊಂಡೆ.”

“ಮುಂದಿನ ವಾಯಿದೆಗೆ ಕೋರ್ಟು ಕರಡಿಗೆ ಒಪ್ಗೆ ಕೊಡ್ತದೆ. ಆಮೇಲೆ ನೋಂದಣಿ. ಕಟ್ಟೆ ವಿಚಾರ ತಹಸೀಲ್ದಾರು ನೋಡ್ಕೋತಾರೆ, ನಾಳೆಯೋ ನಾಡಿದ್ದೋ ತೆಗೆಸ್ತಾರೆ. ನೀವು ಹೆದರ್ಬೇಡಿ.”

ವಿಶಾಲಾಕ್ಷಮ್ಮ ಬಾವಿಯ ಕಡೆ ನೋಡಿದಳು. ಸೊಸೆಯಾಗಿ ಬಂದ ವರ್ಷ ಆ ಬಾವಿ ತೋಡುವಾಗ ಮಣ್ಣು ಹೊತ್ತವಳು ತಾನು ಎಂದು ಕೇಸು ಹಾಕುವ ದಿನ ಹೇಳಿದ್ದಳು. ಮನೆ ಹೋಗಲಿ, ಆ ನೀರು ಬೇಕು ಅಂದಿದ್ದಳು. ಅದಾಲತ್ತಿನಲ್ಲಿ ನ್ಯಾಯಾಧೀಶರು ಮತ್ತೊಮ್ಮೆ ಕೇಳಿದಾಗಲೂ ಬಾವಿ ಒಂದನ್ನೇ ಕೇಳಿದ್ದಳು.

“ಆ ಮೂಲೆ ಬುಟ್ಟು ಬರೀಲಿ ಕಣವ್ವ,” ಎಂದಳು ಈಗ.

ಪದ್ಮಶ್ರೀಗೆ ಅರ್ಥವಾಗಲಿಲ್ಲ. “ಯಾವ ಮೂಲೆ?”

“ಗದ್ದಿಗೆ ಇರೋದು. ಅವ್ನೇ ಇಟ್ಕಳ್ಳಿ.”

“ಆ ಮೂಲೇಲೇ ಬಾವಿ ಇರೋದು ದೊಡ್ಡವ್ವ.”

“ಬಾವೀನೂವೆ ಇಟ್ಕಳ್ಳಿ.”

“ಅವ್ರು ಕೊಡ್ತೀನಿ ಅಂತ ರುಜು ಹಾಕಾಯ್ತು.”

“ನಾನು ಬ್ಯಾಡ ಅಂತ ರುಜು ಆಕ್ತೀನಿ. ಅದ್ಕೂ ಒಂದು ಕಾಗ್ಜ ಇರ್ತದಲ್ಲ, ಅದ್ನ ಬರಿ. ಆ ಗದ್ದಿಗೆ ಮಾತ್ರ ತೆಗೀಬ್ಯಾಡಿ ಅಂತ ಆ ಸಾಮಿಗೆ ಯೋಳು.”

“ನೀರಿಲ್ದೆ ಏನ್ ಬೆಳೀತೀರಿ? ಎಲ್ಲಿರ್ತೀರಿ?”

“ಶಿವ ಇಟ್ಟಂಗೆ.”

ಹಿಂದಿನಿಂದ ನಟರಾಜ ಹೊರಡೋಣವೇ ಎಂದು ಕರೆಯುತ್ತಿದ್ದ. ಪದ್ಮಶ್ರೀ ತಿರುಗಲಿಲ್ಲ. ಮುದುಕಿಯ ಎರಡೂ ಕೈ ಹಿಡಿದುಕೊಂಡಳು.

“ದೊಡ್ಡವ್ವ, ನನ್ನ ಮುಖ ನೋಡಿ. ಅಲ್ಲಿ ಯಾರವ್ರೆ?”

ವಿಶಾಲಾಕ್ಷಮ್ಮ ಅವಳ ಮುಖ ನೋಡಿದಳು. ಕಣ್ಣಲ್ಲಿ ನೀರಿಲ್ಲ, ಮರೆಮಾಚುವ ಆತುರವೂ ಇಲ್ಲ.

“ಯಾರು ಅಂತ ನಂಗೂ ಗೊತ್ತಿಲ್ಲ ಕಣವ್ವ,” ಎಂದಳು. “ಕೂರ್ಸಿ, ಉಪ್ಪು ಆಕಿದ್ದು ಮಾತ್ರ ನಾನೇಯ.”